ಕೆಂಚಿಯ ಗೊರಸು

ಬಿಜಾಪುರ ಸೀಮೆಯಲ್ಲಿ ಬಿಳಿಜೋಳದ ರಾಶಿ ಮುಗಿದು ಕಣ ಖಾಲಿಯಾಯಿತೆಂದರೆ ಹೊಲಗಳು ಸ್ವಲ್ಪ ಕಾಲ ಕುರಿಯವರ ಕೈಗೆ ಬರುತ್ತವೆ. ಹಗಲೆಲ್ಲ ಕೂಳೆ, ಉದುರಿದ ಕಾಳು, ಬದುವಿನ ಹುಲ್ಲು ಮೇಯ್ದ ಕುರಿಗಳನ್ನು ರಾತ್ರಿ ಯಾರಾದರೊಬ್ಬ ರೈತನ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆ, ಗಂಜಲ ಎರಡೂ ಅಲ್ಲೇ ನೆಲಕ್ಕೆ ಬೀಳುತ್ತವೆ. ಅದಕ್ಕೆ ರೈತ ಜೋಳವನ್ನೋ ರೊಕ್ಕವನ್ನೋ ಕೊಡುತ್ತಾನೆ. ಇವತ್ತು ಈ ಹೊಲ, ನಾಳೆ ಪಕ್ಕದ್ದು, ಆಮೇಲೆ ಬೇರೆ ಊರು. ಈ ಸಂಸಾರವನ್ನೆಲ್ಲ ಹೊತ್ತು ನಡೆಯುವುದು ಕುದುರೆ. ಕುದುರೆ ಎಂದ ಕೂಡಲೇ ದಸರಾ ಮೆರವಣಿಗೆಯೋ ರೇಸ್ ಕೋರ್ಸೋ ಕಣ್ಣಿಗೆ ಬಂದರೆ ಅದನ್ನು ಬಿಡಿ. ಇವು ಗಿಡ್ಡ ಕುದುರೆಗಳು, ಮೈಯೆಲ್ಲ ಧೂಳು, ಕೇಸರದಲ್ಲಿ ಹುಲ್ಲುಗಂಟು. ಬೆನ್ನ ಮೇಲೆ ಗುಡಾರದ ಗಳ, ಕಂಬಳಿ, ಹಿಟ್ಟಿನ ಚೀಲ, ಹಂಚು, ಕೊಡ, ಆವತ್ತೇ ಹುಟ್ಟಿದ ಮರಿಗಳು, ಕಾಲು ಕಟ್ಟಿದ ಕೋಳಿ, ಎಲ್ಲದರ ಮೇಲೆ ಒಂದು ಕೂಸು. ಹಗ್ಗ ಹಿಡಿದು ಮುಂದೆ ನಡೆಯುವವರು ಹೆಂಗಸರು. ಗಂಡಸರು ಕುರಿಗಳ ಹಿಂದೆ ಹೋಗಿರುತ್ತಾರೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

1980ರ ದಶಕದ ನಡುಭಾಗ. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಹೊರಬಿದ್ದ ನನ್ನನ್ನು ಸರ್ಕಾರ ಡೋಣಿ ಹೊಳೆಯ ಸಾಲಿನ ಒಂದು ಹಳ್ಳಿಗೆ ಹಾಕಿತ್ತು. ದನದ ದವಾಖಾನೆ ಎಂದರೆ ಎರಡು ಕೋಣೆ, ದನ ಕಟ್ಟಿ ನಿಲ್ಲಿಸಲು ಒಂದು ಕಟ್ಟಿಗೆಯ ಟ್ರೆವಿಸ್, ಒಬ್ಬ ಕಾಂಪೌಂಡರ್. ಕಾಲೇಜಿನಲ್ಲಿ ನಾವು ಅಂಗರಚನೆ ಓದಿದ್ದು ಸಿಸ್ಸನ್‌ನ ದಪ್ಪ ಪುಸ್ತಕದಲ್ಲಿ. ಅದರಲ್ಲಿ ಕುದುರೆಯೇ ಯಜಮಾನ. ಅದನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ದನ, ಕುರಿ, ಹಂದಿ, ನಾಯಿ ಅದಕ್ಕಿಂತ ಎಲ್ಲೆಲ್ಲಿ ಬೇರೆ ಎಂದು ತಿಳಿಸುತ್ತಾರೆ. ಹೀಗೆ ಕುದುರೆಯ ಒಂದೊಂದು ಎಲುಬನ್ನೂ ಬಾಯಿಪಾಠ ಮಾಡಿ ಪಾಸಾದವರು, ನೌಕರಿಗೆ ಸೇರಿದ ಮೇಲೆ ಎಮ್ಮೆಯ ಗರ್ಭ ಪರೀಕ್ಷೆ ಮಾಡುತ್ತ ಮುದುಕರಾಗುತ್ತೇವೆ. ನನ್ನ ದವಾಖಾನೆಯ ರಿಜಿಸ್ಟರಿನಲ್ಲಿ ಹಿಂದಿನ ಎಷ್ಟೋ ಪುಟ ತಿರುಗಿಸಿದರೂ ಕುದುರೆ ಎಂಬ ಪದ ಸಿಗುತ್ತಿರಲಿಲ್ಲ.

ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಚಳಿಯೂ ಹೋಗಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಬಂದ.

“ಸಾಹೇಬ್ರ, ನಮ್ಮ ಕುದರಿ ಮೂರ ಕಾಲ ಮ್ಯಾಲ ನಿಂತೈತ್ರಿ. ಒಂದ ಕಾಲ ನೆಲಕ್ಕ ಊರವಲ್ದು. ಎಲುವ ಮುರದೈತಿ ಅನ್ನಾಕತ್ತಾರ.”

ಕಾಂಪೌಂಡರ್ ಕಾಕಾ ಕಂದೀಲು ಒರೆಸಿದರು. ಅವರು ಆ ದವಾಖಾನೆಯಲ್ಲಿ ನನಗಿಂತ ಮುಂಚೆ ಬಂದು ಹೋದ ಡಾಕ್ಟರುಗಳ ಲೆಕ್ಕವನ್ನು ಬೆರಳಲ್ಲಿ ಎಣಿಸಿ ಸಾಕಾಗಿ ಬಿಟ್ಟವರು. “ಮುರದಿದ್ರ ನಮ್ಮ ಕೈಯಾಗ ಏನೂ ಇಲ್ಲ. ಮುರದಿಲ್ಲ ಅಂದ್ರ ನಿಮ್ಮ ಅದೃಷ್ಟ,” ಎಂದು ಹೊರಟರು.

ಊರಾಚೆ ಎರೆಹೊಲದಲ್ಲಿ ಕುರಿ ತರುಬಿದ್ದರು. ಮಧ್ಯೆ ತೊಗರಿಕಟ್ಟಿಗೆ ಹಾಕಿ ಬೆಂಕಿ ಮಾಡಿದ್ದರು, ಸುತ್ತ ಕಂಬಳಿ ಹೊದ್ದ ಗಂಡಸರು ಕೂತಿದ್ದರು. ಬದುವಿನ ಬೇವಿನ ಮರದ ಕೆಳಗೆ ಕೆಂಚಿ ನಿಂತಿತ್ತು. ಕಂದುಬಣ್ಣದ ಹೆಣ್ಣು ಕುದುರೆ, ಹಣೆಯಲ್ಲಿ ಬಿಳಿ ಚುಕ್ಕೆ. ಎಡ ಮುಂಗಾಲಿನ ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗಿಯೂ ತಾಗದಂತೆ ಇತ್ತು. ಚಳಿಯಲ್ಲೂ ಕತ್ತಿನ ಮೇಲೆ ಬೆವರು. ಮೂಗಿನ ಹೊಳ್ಳೆ ಅರಳಿತ್ತು. ಮುಂದೆ ಹಾಕಿದ್ದ ಕಣಿಕೆಗೆ ಬಾಯಿ ಹಾಕಿರಲಿಲ್ಲ.

ಕಂದೀಲು ಎತ್ತಿ ನೋಡಿದರೆ ಎಡ ಭುಜದ ಮೇಲೆ ಮೂರು ಉದ್ದ ಬರೆ. ಚರ್ಮ ಸುಟ್ಟು ಅಂಚು ಉಬ್ಬಿ, ಮೇಲೆ ಅರಿಶಿಣ ಎಣ್ಣೆ ಮೆತ್ತಿದ್ದರು.

“ರಟ್ಟಿ ಜಾರೈತ್ರಿ,” ಅಂದ ಹಿರಿಯ ಅಜ್ಜ. “ಮುಂಜಾನಿ ಬರಿ ಕೊಟ್ಟೀವಿ. ಇನ್ನೂ ಬಿಟ್ಟಿಲ್ಲ.”

ನಾನು ಆ ಅಜ್ಜನನ್ನು ಬೈಯಲಿಲ್ಲ. ಕಾಲೂರದ ಪ್ರಾಣಿಯನ್ನು ದೂರದಿಂದ ನೋಡಿದವರಿಗೆ ದೋಷ ಮೇಲೆಲ್ಲೋ ಇದೆ ಅನ್ನಿಸುವುದು ಸಹಜ. ಭುಜ ದೊಡ್ಡದು, ಕಣ್ಣಿಗೆ ಬೀಳುತ್ತದೆ, ನೋವಿನಿಂದ ಅಲ್ಲಿನ ಮಾಂಸ ಬಿಗಿದುಕೊಂಡೂ ಇರುತ್ತದೆ. ಆದರೆ ಕುದುರೆ ಕುಂಟಿದರೆ ತಪಾಸಣೆ ಕೆಳಗಿನಿಂದ ಶುರುವಾಗಬೇಕು. ಮುಂಗಾಲಿನ ಕುಂಟುಗಳಲ್ಲಿ ಹೆಚ್ಚಿನವು ಮೊಣಕಾಲಿನ ಕೆಳಗೇ ಇರುತ್ತವೆ, ಅದರಲ್ಲೂ ಗೊರಸಿನಲ್ಲಿ. ಈ ಪಾಠವೊಂದು ಮಾತ್ರ ನನಗೆ ಸಿಸ್ಸನ್‌ನಿಗಿಂತ ಮೊದಲೇ ತಲೆಗೆ ಹತ್ತಿತ್ತು.

ಕೆಂಚಿಯನ್ನು ನಾಲ್ಕು ಹೆಜ್ಜೆ ನಡೆಸಲು ಹೇಳಿದೆ. ಕುಂಟುವ ಕುದುರೆಯ ಕಾಲನ್ನು ನೋಡುವುದಕ್ಕಿಂತ ತಲೆಯನ್ನು ನೋಡಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗುತ್ತಲೇ ಅದು ತಲೆಯನ್ನು ಮೇಲಕ್ಕೆ ಎಸೆಯುತ್ತದೆ, ಭಾರ ಆ ಕಾಲಿಗೆ ಬೀಳದಿರಲಿ ಎಂದು. ಒಳ್ಳೆಯ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ಕುದುರೆಯ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 60ರಷ್ಟು, ಮುಂಗಾಲುಗಳ ಮೇಲೇ ಇರುವುದರಿಂದ ಇದು ಎದ್ದು ಕಾಣುತ್ತದೆ. ಕೆಂಚಿ ಎರಡನೆಯ ಹೆಜ್ಜೆಗೇ ನಿಂತುಬಿಟ್ಟಿತು. ತಲೆ ಎತ್ತಿದ ರಭಸಕ್ಕೆ ಹಗ್ಗ ಹಿಡಿದಿದ್ದ ಹುಡುಗನೇ ಮುಗ್ಗರಿಸಿದ.

ಕೈಯಿಂದ ಎಲುಬಿನುದ್ದಕ್ಕೂ ಒತ್ತುತ್ತ ಬಂದೆ. ಮುರಿತದ ಕರಕರ ಇಲ್ಲ, ಅಡ್ಡಾದಿಡ್ಡಿ ಅಲುಗಾಟ ಇಲ್ಲ. ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಎರಡೂ ಪಕ್ಕಕ್ಕೆ ರಕ್ತನಾಳ ಹಾದುಹೋಗುತ್ತದೆ. ಆರೋಗ್ಯವಾಗಿದ್ದರೆ ಅಲ್ಲಿನ ಮಿಡಿತ ಹುಡುಕಿದರೂ ಸರಿಯಾಗಿ ಸಿಗದು. ಕೆಂಚಿಯ ಎಡಗಾಲಿನಲ್ಲಿ ಬೆರಳಿಟ್ಟ ಕೂಡಲೇ ಅದು ಹೊಡೆದುಕೊಳ್ಳುತ್ತಿತ್ತು. ಬಲಗೈಯನ್ನು ಒಂದು ಗೊರಸಿನ ಮೇಲೆ, ಎಡಗೈಯನ್ನು ಇನ್ನೊಂದರ ಮೇಲೆ ಇಟ್ಟೆ. ಒಂದು ತಣ್ಣಗೆ, ಒಂದು ಸುಡುತ್ತಿತ್ತು. ಕಾಕಾನ ಕೈಯನ್ನೂ ಇರಿಸಿದೆ. ಅಜ್ಜನನ್ನೂ ಕರೆದು ಮುಟ್ಟಿಸಿದೆ. ಅಜ್ಜ ಏನೂ ಹೇಳದೆ ಕೈ ಹಿಂದೆ ತೆಗೆದುಕೊಂಡ.

ಅಷ್ಟರಲ್ಲಿ ಒಲೆಯ ಕಡೆಯಿಂದ ಒಂದು ದನಿ ಬಂತು.

“ಗೊರಸ ನೋಡ್ರಿ, ಗೊರಸ ನೋಡ್ರಿ ಅಂತ ನಿನ್ನಿಂದ ಬಡ್ಕೊಳ್ಳಾಕತ್ತೀನಿ. ನನ್ನ ಮಾತ ಯಾರ ಕೇಳ್ತಾರ?”

ಅಜ್ಜನ ಹೆಂಡತಿ. ರೊಟ್ಟಿ ಬಡಿಯುತ್ತ ಕೂತಿದ್ದಳು, ತಲೆ ಎತ್ತಲೂ ಇಲ್ಲ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಏನಾಯಿತು ಆಯಿ, ಹೇಳು ಎಂದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು:

“ಹೋದ ಸಂತಿ ದಿನ ಹಳ್ಳ ದಾಟೂ ಮುಂದ ಇದ ಕಾಲಾಗಿಂದ ಜಾಲಿ ಮುಳ್ಳ ಕಿತ್ತೀನ್ರಿ. ಬುಡ ಬಂತು, ತುದಿ ಬರಲಿಲ್ಲ. ಅವತ್ತ ಕುಂಟಲಿಲ್ಲ, ಹೊರೀನೂ ಹೊತ್ಲು. ನಾನs ಸುಮ್ಮಾದೆ. ಮೊನ್ನಿಂದ ಆ ಕಾಲ ಹಗರಕ ಇಡಾಕತ್ತಿದ್ಲು.”

ಕೆಂಚಿಯ ಹಗ್ಗ ಹಿಡಿದು ವರ್ಷಗಟ್ಟಲೆ ನಡೆದವಳು ಅವಳು. ಕುದುರೆಗೆ ಬರೆ ಎಲ್ಲಿ ಹಾಕಬೇಕೆಂದು ನಿರ್ಧರಿಸಿದವರು ದಿನಾ ಅದರ ಜೊತೆ ಒಂದು ಫರ್ಲಾಂಗ್ ನಡೆಯದವರು. ಪಶುವೈದ್ಯನಾಗಿ ಆಮೇಲೆ ಎಷ್ಟು ಊರು ತಿರುಗಿದರೂ ಇದೇ ಕಥೆ: ಗಂಡ ದವಾಖಾನೆಗೆ ಎಮ್ಮೆ ಹೊಡೆದುಕೊಂಡು ಬರುತ್ತಾನೆ, ಅದು ಯಾವಾಗಿನಿಂದ ಮೇವು ಬಿಟ್ಟಿದೆ ಎಂದರೆ ಗೊತ್ತಿರುವುದಿಲ್ಲ. ಗೊತ್ತಿರುವವಳು ಮನೆಯಲ್ಲಿ ಸಗಣಿ ಬಾಚುತ್ತಿರುತ್ತಾಳೆ.

ಈಗ ಚಿತ್ರ ಸ್ಪಷ್ಟವಾಯಿತು. ಕುದುರೆ ನಡೆಯುವುದು ಒಂದೊಂದು ಕಾಲಿಗೆ ಒಂದೇ ಬೆರಳಿನ ಮೇಲೆ. ಉಳಿದ ಬೆರಳುಗಳು ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋಗಿವೆ. ಗೊರಸು ಆ ಬೆರಳಿನ ಉಗುರು. ಹೊರಗೆ ಗಟ್ಟಿ ಗೋಡೆ, ಕೆಳಗೆ ಗಟ್ಟಿ ತಳ, ಒಳಗೆ ರಕ್ತನಾಳ ನರ ತುಂಬಿದ ಜೀವಂತ ಪದರ, ಅದರೊಳಗೆ ಎಲುಬು. ಗೋಡೆಯೂ ತಳವೂ ಕೂಡುವಲ್ಲಿ ಸುತ್ತಲೂ ಒಂದು ಬಿಳಿ ಗೆರೆ ಇದೆ, ಅಲ್ಲಿ ಗೊರಸು ಸ್ವಲ್ಪ ಮೆದು. ಮುಳ್ಳು, ಮೊಳೆ, ಚೂಪು ಹರಳು ಅಲ್ಲಿಂದ ಒಳಗೆ ಹೋದರೆ ಜೊತೆಗೆ ಕೊಳೆಯೂ ಹೋಗುತ್ತದೆ. ಒಳಗೆ ಕೀವಾಗುತ್ತದೆ. ಬೇರೆಡೆ ಕೀವಾದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ಗೊರಸು ಉಬ್ಬುವುದಿಲ್ಲ. ನಿಮಗೆ ಎಂದಾದರೂ ಉಗುರುಸುತ್ತು ಆಗಿದ್ದರೆ, ರಾತ್ರಿಯೆಲ್ಲ ಆ ಬೆರಳನ್ನು ಎತ್ತಿ ಹಿಡಿದು ಕೂತಿದ್ದರೆ, ಅದೇ ಬೆರಳಿನ ಮೇಲೆ ಮೈಭಾರವನ್ನೆಲ್ಲ ಹಾಕಿ ನಿಲ್ಲುವುದನ್ನು ಊಹಿಸಿಕೊಳ್ಳಿ. ಅದಕ್ಕೇ ಇದು ನೋಡುವವರಿಗೆ ಎಲುಬು ಮುರಿದಂತೆಯೇ ಕಾಣುತ್ತದೆ, ಅದೂ ರಾತ್ರಿ ಬೆಳಗಾಗುವುದರಲ್ಲಿ. ಕೀವಿಗೆ ಕೆಳಗೆ ದಾರಿ ಸಿಗದಿದ್ದರೆ ಅದು ಗೋಡೆಯ ಒಳಮೈ ಹಿಡಿದು ಮೇಲಕ್ಕೆ ಹತ್ತುತ್ತದೆ. ಕೂದಲು ಶುರುವಾಗುವ ಅಂಚಿನಲ್ಲಿ ಒಡೆದುಕೊಂಡು ಬರುತ್ತದೆ. ಅಲ್ಲಿಯವರೆಗೆ ಕುದುರೆ ಪಡುವ ಪಾಡು ಬೇಡ.

ಔಷಧ ಸುಲಭ: ಕೀವಿಗೆ ದಾರಿ ಮಾಡಿಕೊಡಬೇಕು. ಆದರೆ ಗೊರಸು ಹೆರೆಯುವ ಬಾಗಿದ ಚೂರಿ ದವಾಖಾನೆಯಲ್ಲಿರಲಿಲ್ಲ, ನೋವಿನ ಜಾಗ ಹುಡುಕುವ ಇಕ್ಕಳವೂ ಇರಲಿಲ್ಲ. ಕಂದೀಲ ಬೆಳಕಿನಲ್ಲಿ ಆಪರೇಷನ್ ಬ್ಲೇಡು ಹಿಡಿದು ಆ ಗಟ್ಟಿ ಗೊರಸನ್ನು ಕೆದಕುವುದು ಕುದುರೆಗೂ ಕೇಡು, ನನ್ನ ಕೈಗೂ ಕೇಡು.

“ಬಿಜಾಪುರದಾಗ ಟಾಂಗಾ ಅದಾವಲ್ರಿ,” ಅಂದರು ಕಾಕಾ. “ಟಾಂಗಾ ಇದ್ದಲ್ಲಿ ನಾಲ್‌ಬಂದ್ ಇರ್ತಾನ.”

ಗೋಳಗುಮ್ಮಟದ ಮುಂದೆ, ಸ್ಟೇಷನ್ನಿನ ಮುಂದೆ ಟಾಂಗಾಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಕಾಕಾನ ಅಳಿಯ ರಾತ್ರಿಯೇ ಒಂದು ಲಾರಿ ಹತ್ತಿದ. ಲಾಳ ಹೊಡೆಯುವ ನಾಲ್‌ಬಂದನನ್ನು ಕರೆತರಬೇಕು, ಮೆಡಿಕಲ್ ಶಾಪಿನಿಂದ ಧನುರ್ವಾಯುವಿನ ಎ.ಟಿ.ಎಸ್. ಇಂಜೆಕ್ಷನ್ನನ್ನು ಥರ್ಮಾಸಿನಲ್ಲಿ ಐಸ್ ಹಾಕಿಸಿ ತರಬೇಕು ಎಂದು ಚೀಟಿ ಬರೆದುಕೊಟ್ಟೆ.

ನಮ್ಮ ಕೈಯಲ್ಲಿದ್ದ ಕೆಲಸ ನಾವು ಮಾಡಿದೆವು. ನೋವಿಗೆ ಒಂದು ಸೂಜಿ. ದವಾಖಾನೆಯಲ್ಲಿ ದನಗಳಿಗೆ ಭೇದಿಗೆ ಕೊಡುವ ಮ್ಯಾಗ್‌ಸಲ್ಫ್ ಡಬ್ಬಿ ಇತ್ತು, ಅದೇ ಎಪ್ಸಮ್ ಉಪ್ಪು. ಆಯಿ ಮೂರು ಕಲ್ಲಿನ ಒಲೆಯ ಮೇಲೆ ನೀರು ಕಾಯಿಸಿದಳು. ಅಗಲ ಬಾಯಿಯ ಕಬ್ಬಿಣದ ಬುಟ್ಟಿಯಲ್ಲಿ ಕೈ ತಾಳುವಷ್ಟು ಬಿಸಿ ನೀರು, ಅದಕ್ಕೆ ಉಪ್ಪು, ಅದರಲ್ಲಿ ಕೆಂಚಿಯ ಕಾಲು. ಗೊರಸು ನೆನೆದು ಮೆತ್ತಗಾಗಲಿ ಎಂದು. ಮೊದಲು ಕೆಂಚಿ ಕಾಲು ಕಿತ್ತುಕೊಂಡಳು. ಆಯಿ ಮೊಣಕಾಲೂರಿ ಕೂತು ಗಿಣ್ಣು ಹಿಡಿದು ಏನೋ ಗುನುಗಿದಳು. ಆಮೇಲೆ ಕಾಲು ನೀರಿನಲ್ಲೇ ಉಳಿಯಿತು. ನೀರು ಆರಿದ ಹಾಗೆಲ್ಲ ಮತ್ತೆ ಬಿಸಿ ಸುರಿದೆವು. ಬಲಗಾಲಿನ ಕೆಳಗೆ ಮೆತ್ತನೆ ಹೊಟ್ಟು ಹರಡಿಸಿದೆ. ಒಂದು ಕಾಲು ಕೈಕೊಟ್ಟಾಗ ಅದರ ಜೋಡಿಯ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ, ಹಾಗೇ ಬಹಳ ದಿನ ನಿಂತರೆ ಆ ಗೊರಸಿನ ಒಳಪದರವೂ ಬಾತು ಗೋಡೆಯಿಂದ ಬಿಡತೊಡಗುತ್ತದೆ. ಕುಂಟು ವಾಸಿಯಾಗುವ ಮೊದಲೇ ಒಳ್ಳೆಯ ಕಾಲು ಹೋಗಿಬಿಟ್ಟ ಕುದುರೆಗಳು ಎಷ್ಟೋ.

ರಾತ್ರಿ ಬೆಂಕಿಯ ಪಕ್ಕ ಚರ್ಚೆ ನಡೆಯಿತು. ಮಂದೆ ಮುಂದಿನ ಊರಿಗೆ ಹೋಗಬೇಕಿತ್ತು, ಅಲ್ಲಿ ಗೌಡರೊಬ್ಬರಿಂದ ಜೋಳದ ಮುಂಗಡ ತಿಂದಾಗಿತ್ತು. ಕುದುರೆ ನಡೆಯದಿದ್ದರೆ ಹೊರೆ ಯಾರು ಹೊರಬೇಕು? ಒಬ್ಬ ತರುಣ, ಬಿಟ್ಟು ಹೋಗೋಣ, ಬದುಕಿದರೆ ಬರುವಾಗ ಕರೆದುಕೊಳ್ಳೋಣ ಎಂದ. ಯಾರೂ ಉತ್ತರ ಕೊಡಲಿಲ್ಲ. ಆಯಿ ಒಲೆಯಿಂದ ಒಂದು ಕೊಳ್ಳಿ ಹಿರಿದು ಬೇರೆ ಕಡೆ ಹಾಕಿದಳು, ಅಷ್ಟೇ. ಆ ಮಾತು ಅಲ್ಲಿಗೆ ನಿಂತಿತು.

ಬೆಳಗಿನ ಮೊದಲ ಬಸ್ಸಿಗೆ ನಾಲ್‌ಬಂದ್ ಚಾಚಾ ಬಂದಿಳಿದ. ಬಿಳಿ ಗಡ್ಡ, ತೊಡೆಯ ಮೇಲೆ ಕಟ್ಟಿಕೊಳ್ಳುವ ಚರ್ಮದ ಏಪ್ರನ್ ಹೆಗಲ ಮೇಲೆ, ಗೋಣಿಯಲ್ಲಿ ಸುತ್ತಿದ ಸಾಮಾನು. ನನಗೊಂದು ಸಲಾಮು ಹಾಕಿ, ಚಹಾ ಬೇಡ ಎಂದು, ನೇರವಾಗಿ ಕೆಂಚಿಯ ಹತ್ತಿರ ಹೋದ. ಮುಟ್ಟಲಿಲ್ಲ. ಸ್ವಲ್ಪ ದೂರ ನಿಂತು ನೋಡಿದ. ಭುಜದ ಬರೆ ನೋಡಿ ನಾಲಿಗೆ ಲೊಚಗುಟ್ಟಿದ. ಆಮೇಲೆ ಬೆನ್ನು ಸವರುತ್ತ, ಭುಜ ತಪ್ಪಿಸಿ, ಕೈಯನ್ನು ಕಾಲಿನುದ್ದ ಕೆಳಗೆ ತಂದ. ಇಬ್ಬರು ಹುಡುಗರು ಕಾಲು ಜಗ್ಗಿ ಹಿಡಿಯಲು ಮುಂದಾದರು.

“ಜಗ್ಗಬ್ಯಾಡ್ರಪಾ. ಆಕಿ ತಾನs ಕೊಡ್ತಾಳ ಕಾಲ.”

ಕೊಟ್ಟಳು. ಗೊರಸನ್ನು ತನ್ನ ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಬಗ್ಗಿದ ಚಾಚಾ ಮೊದಲು ಮಣ್ಣೆಲ್ಲ ಕೆರೆದು ಒರೆಸಿದ. ತಳದ ಮಧ್ಯೆ ಮೂರು ಮೂಲೆಯ ಮೆತ್ತನೆ ಭಾಗವಿರುತ್ತದಲ್ಲ, ಅದನ್ನು ನಾನು ಮೂಸಿ, ಒತ್ತಿ ನೋಡಿದೆ. ಅಲ್ಲಿ ಗಾಯವಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆ ನಡುಭಾಗದಲ್ಲಿ ಆಳಕ್ಕೆ ಚುಚ್ಚಿದ ಮುಳ್ಳು ನೇರ ಸ್ನಾಯುರಜ್ಜುವಿಗೋ ಕೀಲಿಗೋ ಮುಟ್ಟುತ್ತದೆ, ಅಂಥ ಕುದುರೆಗಳನ್ನು ಉಳಿಸಿಕೊಳ್ಳುವುದು ದೊಡ್ಡ ಆಸ್ಪತ್ರೆಗಳಿಗೇ ಕಷ್ಟ. ಅಲ್ಲಿ ಏನೂ ಇರಲಿಲ್ಲ.

ಇಕ್ಕಳ ತೆಗೆದ. ಒಂದು ದವಡೆ ಗೋಡೆಯ ಹೊರಗೆ, ಒಂದು ತಳದ ಮೇಲೆ. ಹಿಮ್ಮಡಿಯ ಒಂದು ಕಡೆಯಿಂದ ಶುರುಮಾಡಿ ಬೆರಳಗಲ ಬೆರಳಗಲ ಒತ್ತುತ್ತ ಬಂದ. ಕೆಂಚಿ ಸುಮ್ಮನಿದ್ದಳು. ತುದಿಯ ಹತ್ತಿರ, ಹೊರಪಕ್ಕಕ್ಕೆ ಬಂದಾಗ ಭುಜದಿಂದ ಗೊರಸಿನವರೆಗೆ ಇಡೀ ಕಾಲು ನಡುಗಿತು. ಚಾಚಾ ಮುಂದಕ್ಕೆ ಹೋಗಿ, ಇನ್ನೊಂದು ಪಕ್ಕ ಮುಗಿಸಿ, ಮತ್ತೆ ಅದೇ ಜಾಗಕ್ಕೆ ಬಂದ. ಮತ್ತೆ ನಡುಗಿತು. “ಇಲ್ಲೇ ಐತಿ ನೋಡ್ರಿ ಸಾಬ್.”

ತುದಿ ಒಳಕ್ಕೆ ಬಾಗಿದ ಚೂರಿಯಿಂದ ಹೆರೆಯತೊಡಗಿದ. ತೆಳ್ಳನೆಯ ಸುರುಳಿಗಳು ಬೀಳುತ್ತಿದ್ದವು. ಕೊಳೆ ಬಣ್ಣದ ಮೇಲ್ಪದರ ಹೋಗಿ ಹಳದಿ ಮಿಶ್ರ ಬಿಳಿ ಬಂತು, ಬಿಳಿ ಗೆರೆಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಹೆರೆದರೆ ಕೊಳೆ ಹೋಗುತ್ತದೆ, ಆ ಚುಕ್ಕೆ ಹೋಗಲಿಲ್ಲ, ಒಳಗೊಳಗೆ ಇಳಿಯಿತು. ಚೂರಿಯ ಮೂಗಿನಿಂದ ಅದನ್ನೇ ಹಿಂಬಾಲಿಸಿದ. ಸುತ್ತ ನಿಂತವರು ಉಸಿರು ಬಿಡುವುದನ್ನೂ ಮರೆತಿದ್ದರು.

ಸಣ್ಣ ಸದ್ದು ಬಂದಂತಾಯಿತು. ಬೂದು ಕಪ್ಪಿನ ನೀರು ಚಿಮ್ಮಿ ಚಾಚಾನ ಏಪ್ರನ್ನಿಗೆ ಹಾರಿತು. ಆ ವಾಸನೆ! ಸತ್ತ ಹೆಗ್ಗಣದ ಬಾವಿಯಲ್ಲಿ ಇಳಿದವರೂ ಹಿಂದೆ ಸರಿಯಬೇಕು. ಹಿಂದೆಯೇ ಹಳದಿ ಕೀವು, ಅದರೊಡನೆ ಅರ್ಧ ಅಂಗುಲಕ್ಕೂ ಕಮ್ಮಿಯ ಒಂದು ಕರಿ ಚೂರು. ಆಯಿ ಅದನ್ನು ಅಂಗೈಯಲ್ಲಿ ತೆಗೆದುಕೊಂಡು ಅಜ್ಜನ ಮುಂದೆ ಹಿಡಿದಳು. ಜಾಲಿ ಮುಳ್ಳಿನ ತುದಿ. ಅಜ್ಜ ಬೇರೆ ಕಡೆ ನೋಡಿದ.

ನಾನು ನೋಡುತ್ತಿದ್ದುದು ಕೆಂಚಿಯ ಮುಖವನ್ನು. ಬಿಗಿದ ಕೆಳತುಟಿ ಸಡಿಲಿತು. ಕಣ್ಣಿನ ಮೇಲಿನ ಮಡಿಕೆ ಇಳಿಯಿತು. ಕಾಲು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಹಾಗೇ ಎತ್ತಿ ಹಿಡಿದಿದ್ದು, ನಂಬಿಕೆ ಬರದವಳಂತೆ ನಿಧಾನವಾಗಿ ನೆಲಕ್ಕಿಟ್ಟಳು. ಇಟ್ಟು, ಭಾರ ಹಾಕಿ, ಕಣಿಕೆಗೆ ಬಾಯಿ ಹಾಕಿದಳು.

ಒಬ್ಬ ಹುಡುಗ, ಇನ್ನೂ ಕೊರೆದು ಎಲ್ಲ ಕೀವು ತೆಗೆಯಿರಿ ಎಂದ. ಚಾಚಾ ಚೂರಿ ಒರೆಸುತ್ತಿದ್ದ. “ಹಾದಿ ಮಾಡಿಕೊಟ್ರ ಸಾಕು ತಮ್ಮಾ, ಹೊಲಾ ಮಾಡಬಾರ್ದು.” ಇದು ನಾನು ಓದಿದ್ದಕ್ಕೂ ಸರಿಹೊಂದುವ ಮಾತು. ತಳವನ್ನು ಅಗಲವಾಗಿ ತೆಗೆದುಬಿಟ್ಟರೆ ಒಳಗಿನ ಜೀವಂತ ಪದರ ಆ ಕಿಂಡಿಯಿಂದ ಹೊರಕ್ಕೆ ಉಬ್ಬಿ ಬರುತ್ತದೆ, ಆಗ ಮುಳ್ಳಿಗಿಂತ ಚಿಕಿತ್ಸೆಯೇ ದೊಡ್ಡ ರೋಗ. ಕೀವು ಇಳಿಯುವಷ್ಟು ಕಿಂಡಿ ಸಾಕು.

ಆತ ಇದನ್ನು ಕಲಿತದ್ದು ಟಾಂಗಾ ಕುದುರೆಗಳ ಕಾಲಿನಲ್ಲಿ. ಕೆಂಚಿಗೆ ಲಾಳವೇ ಇರಲಿಲ್ಲ. ಎರೆಮಣ್ಣಿನಲ್ಲಿ ನಡೆಯುವ ಕುರಿಯವರ ಕುದುರೆಗೆ ಅದು ಬೇಕೆಂದೇನಿಲ್ಲ. ಡಾಂಬರು ರಸ್ತೆಯಲ್ಲಿ ಓಡುವ ಟಾಂಗಾ ಕುದುರೆಗೆ ಲಾಳ ಬೇಕೇ ಬೇಕು. ಹೊಡೆಯುವಾಗ ಒಂದು ಮೊಳೆ ಗೋಡೆಯ ಒಳಗಂಚಿಗೆ ಸರಿದು ಜೀವಕ್ಕೆ ತಾಗಿತೆಂದರೆ ಕೆಲವೇ ದಿನಗಳಲ್ಲಿ ಇದೇ ಕೀವು, ಇದೇ ಕುಂಟು. ಟಾಂಗಾ ನಿಂತ ದಿನ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಹಾಗಾಗಿ ನಾಲ್‌ಬಂದನಾದವನು ಮೊಳೆ ಹೊಡೆಯುವುದರ ಜೊತೆಗೆ ಕೀವು ತೆಗೆಯುವುದನ್ನೂ ಕಲಿತಿರಬೇಕು. ಕನ್ನಡದಲ್ಲಿ ಪಶುವೈದ್ಯದ ಹಳೆಯ ಪುಸ್ತಕಗಳೇ ಇಲ್ಲ ಎಂದೇನೂ ಅಲ್ಲ. 12ನೆಯ ಶತಮಾನದಲ್ಲಿ ಕೀರ್ತಿವರ್ಮ ಗೋವೈದ್ಯ ಬರೆದ, ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಅಶ್ವವೈದ್ಯ ಬರೆದ. ಆದರೆ ಆ ವಿದ್ಯೆ ಉಳಿದುಕೊಂಡು ಬಂದದ್ದು ಇಂಥ ಗೋಣಿಗಂಟುಗಳಲ್ಲಿ.

ಮುಂದಿನ ಕೆಲಸ ಕಟ್ಟು. ಗೋಧಿ ತೌಡನ್ನು ಬಿಸಿ ನೀರು, ಮ್ಯಾಗ್‌ಸಲ್ಫ್ ಹಾಕಿ ಕಲಸಿ, ತಳಕ್ಕೆ ಮೆತ್ತಿ, ಹತ್ತಿ ಇಟ್ಟು ಬಟ್ಟೆ ಸುತ್ತಿದೆವು. ಹೊಲದ ಮಣ್ಣು, ಲದ್ದಿ ಒಳಗೆ ಹೋಗಬಾರದಲ್ಲ. ಕಾಕಾ ಹಳೆಯ ಲಾರಿ ಟ್ಯೂಬಿನ ತುಂಡು ತರಿಸಿ, ಒಂದು ಬದಿ ಹೊಲಿಸಿ, ಗೊರಸಿಗೆ ಚೀಲದಂತೆ ತೊಡಿಸಿ ಮೇಲೆ ಕಟ್ಟಿದರು. ನೋಡಲು ನಗೆ ಬರುತ್ತಿತ್ತು. ಮಕ್ಕಳು ಕೆಂಚಿ ಬೂಟು ಹಾಕಿಕೊಂಡಳು ಎಂದು ಕುಣಿದರು. ಕಟ್ಟನ್ನು ದಿನಾ ಬಿಚ್ಚಿ ಹೊಸದು ಹಾಕಬೇಕು, ಕೀವು ನಿಂತು ಕಿಂಡಿ ಒಣಗಿದ ಮೇಲೆ ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿ ತುರುಕಬೇಕು.

ಎ.ಟಿ.ಎಸ್. ಕೊಟ್ಟೆ. ಇದರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ಸಿಕ್ಕುವ ಸಾಕುಪ್ರಾಣಿ ಇನ್ನೊಂದಿಲ್ಲ. ರೋಗಾಣು ಮಣ್ಣಿನಲ್ಲೂ ಇದೆ, ಅದರ ಲದ್ದಿಯಲ್ಲೂ ಇದೆ. ಗಾಳಿಯಾಡದ ಆಳ ಗಾಯ ಅದಕ್ಕೆ ಹೇಳಿ ಮಾಡಿಸಿದ ಜಾಗ, ಮತ್ತು ಗೊರಸಿನ ಕಿಂಡಿಗಿಂತ ಗಾಳಿಯಾಡದ ಜಾಗ ಬೇರೆ ಯಾವುದು? ಹೆಬ್ಬಾಳದಲ್ಲಿ ಒಂದು ಕುದುರೆಯನ್ನು ನೋಡಿದ್ದೆ. ನಾಲ್ಕೂ ಕಾಲು ಸೆಟೆದು ಅಗಲಿಸಿಕೊಂಡು, ಕಿವಿ ನಿಮಿರಿ, ಬಾಲ ಎತ್ತಿ, ದವಡೆ ಬಿಗಿದು ನಿಂತಿತ್ತು. ಯಾರೋ ಚಪ್ಪಾಳೆ ತಟ್ಟಿದರೆ ಕಣ್ಣಿನ ಒಳಮೂಲೆಯ ಪೊರೆ ಅಡ್ಡ ಹಾರುತ್ತಿತ್ತು. ಅದು ಬದುಕಲಿಲ್ಲ. ವಿಚಿತ್ರ ನೋಡಿ, ಆ ರೋಗದಿಂದ ನಮ್ಮನ್ನು ಉಳಿಸುವ ಎ.ಟಿ.ಎಸ್. ತಯಾರಾಗುತ್ತಿದ್ದುದೂ ಕುದುರೆಯ ರಕ್ತದಿಂದಲೇ. ಬರ್ಲಿನ್ನಿನಲ್ಲಿ ಬೇರಿಂಗ್, ಕಿಟಸಾಟೊ ಎಂಬಿಬ್ಬರು 1890ರಲ್ಲಿ ಕಂಡುಕೊಂಡ ಪ್ರತಿವಿಷದ ದಾರಿ ಅದು. ಕುದುರೆಗೆ ಅಷ್ಟಷ್ಟೇ ವಿಷ ಕೊಟ್ಟು ಒಗ್ಗಿಸಿ, ಅದರ ರಕ್ತದ ತಿಳಿ ತೆಗೆಯುವುದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟನ್ನು 1966ರಲ್ಲಿ ಕಟ್ಟಿದ್ದು ರೇಸ್ ಕುದುರೆ ಸಾಕುತ್ತಿದ್ದ ಮನೆತನ. ಥರ್ಮಾಸಿನಲ್ಲಿ ಐಸ್ ಜೊತೆ ಬಂದ ಆ ಸಣ್ಣ ಬಾಟಲಿಯಲ್ಲಿ ಯಾವುದೋ ಒಂದು ಕುದುರೆ ಕೆಂಚಿಗಾಗಿ ಕೊಟ್ಟ ಪಾಲಿತ್ತು. ಗಂಟೆಗಟ್ಟಲೆ ಹಳೆಯದಾದ ಬರೆಗಾಯಗಳಿಗೂ ಅದರ ರಕ್ಷಣೆ ಬೇಕಿತ್ತು, ಅಜ್ಜನಿಗೆ ಅದನ್ನೂ ಹೇಳಿದೆ. ಬರೆ ಹಾಕಿದ್ದು ರೋಗ ಕಳೆಯಲೆಂದು, ಆದರೆ ಅದೂ ರೋಗಕ್ಕೆ ಒಂದು ಬಾಗಿಲು.

ಹೊಲದ ಯಜಮಾನರು ಒಳ್ಳೆಯವರು. ತಮ್ಮ ಎತ್ತಿನ ಬಂಡಿ ಕೊಟ್ಟರು, ಗುಡಾರ, ಚೀಲ, ಕೋಳಿ, ಮರಿ ಎಲ್ಲ ಅದರಲ್ಲಿ ಹೋದವು. ಮಂದೆ ಹೇಳಿದ ದಿನಕ್ಕೆ ಮುಂದಿನ ಊರು ಸೇರಿತು. ಆಯಿ, ಮೊಮ್ಮಗಳು, ಕೆಂಚಿ ಬೇವಿನ ಮರದ ಕೆಳಗೆ ಉಳಿದರು. ಕಣಿಕೆ, ನೀರು ಯಜಮಾನರ ಮನೆಯಿಂದ ಬಂತು. ನಾನು ಸಂಜೆ ಹೋಗಿ ಬರುತ್ತಿದ್ದೆ. ಎರಡೇ ದಿನಕ್ಕೆ ಕೀವು ನಿಂತಿತು, ನಾಡಿಯ ಹೊಡೆತ ಇಳಿಯಿತು, ವಾರ ಕಳೆಯುವುದರೊಳಗೆ ನಡೆದಾಗ ತಲೆ ಮೇಲಕ್ಕೆ ಎಸೆಯುವುದು ಹೋಯಿತು. ನಿಜ ಹೇಳಬೇಕೆಂದರೆ ನನ್ನ ಸಂಜೆಯ ಭೇಟಿಗಳ ಅಗತ್ಯ ಕೆಂಚಿಗೆ ಇರಲಿಲ್ಲ. ಆಯಿಯ ಬಿಸಿರೊಟ್ಟಿ, ಅಗಸಿಹಿಂಡಿ ನನಗೆ ಅಗತ್ಯವಿತ್ತು.

ಬೂಟು ಹಾಕಿಕೊಂಡೇ, ಹೊರೆಯಿಲ್ಲದೆ, ಅವರು ಮಂದೆಯನ್ನು ಸೇರಲು ಹೊರಟರು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟೇ ಬೆಳೆಯುತ್ತದೆ. ಕಿಂಡಿ ತುಂಬಿಕೊಂಡು ಪೂರ್ತಿ ಸಮವಾಗುವವರೆಗೆ ಕಲ್ಲುದಾರಿ ತಪ್ಪಿಸಲು ಹೇಳಿದ್ದೆ. ಮರುವರ್ಷ ರಾಶಿಯ ಕಾಲಕ್ಕೆ ಮಂದೆ ಮತ್ತೆ ಬಂತು. ಕೆಂಚಿಯ ಬೆನ್ನ ಮೇಲೆ ಎಂದಿನಂತೆ ಸಂಸಾರ, ಜೊತೆಗೆ ಹೊಸದೊಂದು ಕೂಸು. ಗೊರಸು ಎತ್ತಿ ನೋಡಿದೆ, ಗಾಯದ ಗುರುತು ಸಿಗಲಿಲ್ಲ. ಭುಜದ ಮೇಲಿನ ಮೂರು ಬರೆ ಮಾತ್ರ ಕೂದಲಿಲ್ಲದೆ ಹಾಗೇ ಇದ್ದವು.

ಚಾಚಾ ಆವತ್ತು ಬಸ್ ಚಾರ್ಜು, ಕೂಲಿ ತೆಗೆದುಕೊಂಡ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಹೋಗುವಾಗ ತನ್ನ ಹಳೆಯ ಬಾಗುಚೂರಿಯೊಂದನ್ನು ನನ್ನ ಕೈಗಿಟ್ಟ. ದವಾಖಾನೆಯ ಸಾಮಾನಿನ ಪಟ್ಟಿಗೆ ಅದು ಸೇರಲಿಲ್ಲ. ವರ್ಗವಾದಾಗಲೆಲ್ಲ ನನ್ನ ಟ್ರಂಕಿನಲ್ಲೇ ಬಂತು, ಎಮ್ಮೆ ಎತ್ತುಗಳ ಗೊರಸಿಗೂ ಅದನ್ನೇ ಬಳಸಿದೆ.

ಈಗ ಕುರಿಯವರಲ್ಲಿ ಎಷ್ಟೋ ಜನ ಸಾಮಾನು ಸಾಗಿಸಲು ಟಾಟಾ ಏಸ್ ಗಾಡಿ ಹಿಡಿಯುತ್ತಾರೆ. ಈಗ ವಿಜಯಪುರ ಎನ್ನುವ ಬಿಜಾಪುರದಲ್ಲಿ ಟಾಂಗಾಗಳು ಕಮ್ಮಿಯಾಗಿವೆ, ಹೋಗಿಲ್ಲ. ಗೋಳಗುಮ್ಮಟ ನೋಡಲು ಹೋದವರು ಈಗಲೂ ಮಕ್ಕಳನ್ನು ಕೂರಿಸಿಕೊಂಡು ಇಬ್ರಾಹಿಂ ರೋಜಾದವರೆಗೆ ಟಾಂಗಾದಲ್ಲಿ ಹೋಗುವುದುಂಟು. ನೀವು ಹೋದರೆ, ಬಾಡಿಗೆ ಚೌಕಾಸಿ ಮಾಡುವ ಮುಂಚೆ ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ತೋರಿಸಲು ಹೇಳಿ. ಅದರ ತಲೆ ನೋಡಿ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ತಲೆ ಮೇಲಕ್ಕೆ ಹಾರುತ್ತಿದ್ದರೆ ಆ ಟಾಂಗಾ ಹತ್ತಬೇಡಿ. ಸುಮ್ಮನೆ ಪಕ್ಕದ ಟಾಂಗಾಕ್ಕೂ ಹೋಗಬೇಡಿ. ಯಜಮಾನನನ್ನು ಕರೆದು, ಆ ಮುಂಗಾಲಿನ ಗೊರಸು ಎತ್ತಿ ನೋಡಪ್ಪಾ ಎಂದು ಹೇಳಿ ಹೋಗಿ.